ಬಂಡೆ, ತೋಟ, ಕೆರೆ: ಲಾಲ್‌ಬಾಗಿನ ನೀರಿನ ಲೆಕ್ಕ

ಲಾಲ್‌ಬಾಗನ್ನು ನೋಡದ ಬೆಂಗಳೂರಿಗರು ವಿರಳ. ಪರಊರಿನಿಂದ ನೆಂಟರು ಬಂದರೆ ಅವರನ್ನು ಕರೆದೊಯ್ಯುವ ಮೊದಲ ಜಾಗಗಳಲ್ಲಿ ಅದೂ ಒಂದು. ಗಾಜಿನ ಮನೆಯ ಮುಂದೆ ಒಂದು ಫೋಟೊ, ಬಂಡೆಯ ಮೇಲೆ ಕೆಂಪೇಗೌಡರ ಗೋಪುರದ ಬಳಿ ಸ್ವಲ್ಪ ತಂಗಾಳಿ, ಕೊನೆಗೆ ಕಡಲೆಕಾಯಿ ಪೊಟ್ಟಣ ಹಿಡಿದು ಕೆರೆಯ ದಂಡೆಯಲ್ಲಿ ಒಂದು ಸುತ್ತು. ಇಷ್ಟಾದರೆ ಲಾಲ್‌ಬಾಗ್ ನೋಡಿದಂತಾಯಿತು ಎಂದು ನಾವು ಮನೆಗೆ ಹೊರಡುತ್ತೇವೆ.

ಈ ಮೂರು ತಾಣಗಳ ನಡುವೆ ಒಂದು ನಂಟಿದೆ. ಬಂಡೆ ಇಲ್ಲದಿದ್ದರೆ ಇಲ್ಲಿನ ನೆಲ ಹೀಗಿರುತ್ತಿರಲಿಲ್ಲ. ನೆಲ ಹೀಗಿಲ್ಲದಿದ್ದರೆ ಕೆರೆ ಕಟ್ಟುವ ಪ್ರಮೇಯವೇ ಬರುತ್ತಿರಲಿಲ್ಲ. ತೋಟವಿಲ್ಲದಿದ್ದರೆ ಬಹುಶಃ ಆ ಕೆರೆ ಇಂದಿನವರೆಗೆ ಉಳಿಯುತ್ತಲೂ ಇರಲಿಲ್ಲ. ಕೆರೆ ಎಂದರೆ ಬರಿಯ ಗುಂಡಿ, ಮಳೆ ಬಂದರೆ ತುಂಬುತ್ತದೆ ಎಂಬುದು ನಮ್ಮಲ್ಲಿ ಅನೇಕರ ಭಾವನೆ. ಆ ಭಾವನೆ ಎಷ್ಟು ಸರಿ? ಲಾಲ್‌ಬಾಗನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಪರಿಶೀಲಿಸೋಣ.

300 ಕೋಟಿ ವರ್ಷದ ನೆಲ

ಮೊದಲು ಬಂಡೆಯಿಂದ ಆರಂಭಿಸೋಣ. ಲಾಲ್‌ಬಾಗಿನ ಬಂಡೆಯನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಬಿಳಿ ಮತ್ತು ಕಪ್ಪು ಪಟ್ಟೆಗಳು ಕಾಣುತ್ತವೆ. ಕೆಲವು ಕಡೆ ಆ ಪಟ್ಟೆಗಳು ಕಲಸಿದ ಹಿಟ್ಟನ್ನು ಮಡಿಚಿದ ಹಾಗೆ ಸುರುಳಿಯಾಗಿವೆ. ಭೂಮಿಯ ಆಳದಲ್ಲಿ ಅಪಾರ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ರೂಪಾಂತರ ಹೊಂದಿದ ಕಲ್ಲು ಇದು. ಇದಕ್ಕೆ ನೈಸ್ ಶಿಲೆ ಎಂದು ಹೆಸರು. ಬಿಳಿಯ ಪಟ್ಟೆಗಳಲ್ಲಿ ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್ ಖನಿಜಗಳು ಹೆಚ್ಚಾಗಿವೆ. ಕಪ್ಪು ಪಟ್ಟೆಗಳಲ್ಲಿ ಕರಿಯ ಅಭ್ರಕದಂಥ ಖನಿಜಗಳಿವೆ. ದಕ್ಷಿಣ ಭಾರತದ ಬಹುಭಾಗದ ತಳಪಾಯವಾಗಿರುವ ಈ ಶಿಲೆಗೆ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯೂ. ಎಫ್. ಸ್ಮೀತ್ ಅವರು 1916ರಲ್ಲಿ ಪೆನಿನ್ಸುಲಾರ್ ನೈಸ್ ಎಂಬ ಹೆಸರು ಕೊಟ್ಟರು. ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1975ರಲ್ಲಿ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಹಿಮಾಲಯ ಎದ್ದು ನಿಲ್ಲಲು ತೊಡಗಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಹೋಲಿಸಿ ನೋಡಿದರೆ ಹಿಮಾಲಯ ನಮ್ಮ ಬಂಡೆಯ ಮುಂದೆ ಮೊನ್ನೆ ಹುಟ್ಟಿದ ಕೂಸು.

ನೀರಿನ ದೃಷ್ಟಿಯಿಂದ ಈ ಕಲ್ಲಿನ ಗುಣವೇನು? ಮರಳುಕಲ್ಲಿನಲ್ಲಿ ಸ್ಪಂಜಿನಂತೆ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ನೀರು ಅವುಗಳಲ್ಲಿ ಕೂರುತ್ತದೆ. ನೈಸ್ ಶಿಲೆಯಲ್ಲಿ ಅಂಥ ರಂಧ್ರಗಳಿಲ್ಲ. ಅದರೊಳಗೆ ನೀರು ಹೋಗಬೇಕಾದರೆ ಬಿರುಕುಗಳಿರಬೇಕು, ಇಲ್ಲವೇ ಕಲ್ಲು ಶಿಥಿಲವಾಗಿ ಮಣ್ಣಾಗಿರಬೇಕು. ಬೆಂಗಳೂರಿನಲ್ಲಿ ಮೇಲೆ ಕೆಮ್ಮಣ್ಣು, ಅದರ ಕೆಳಗೆ ಅರ್ಧ ಕೊಳೆತ ಕಲ್ಲು, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಮೇಲಿನ ಎರಡು ಪದರಗಳೇ ನಮ್ಮ ತೆರೆದ ಬಾವಿಗಳ ಆಸರೆ. ಗಟ್ಟಿ ಬಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಬಿರುಕಿದ್ದರೆ ಮಾತ್ರ ಕೊಳವೆಬಾವಿಗೆ ನೀರು. ಒಬ್ಬರ ಮನೆಯಲ್ಲಿ ನೀರು ಸಿಕ್ಕಿ ಪಕ್ಕದ ಮನೆಯಲ್ಲಿ ಬರಿಯ ಕಲ್ಲುಪುಡಿ ಹಾರುವುದಕ್ಕೆ ಕಾರಣ ಇದೇ.

ನದಿಯಿಲ್ಲದ ಊರು

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಊರು. ಊರಿನ ನಡುವೆ ಒಂದು ದಿಣ್ಣೆ ಹಾದುಹೋಗುತ್ತದೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯ ಕಣಿವೆ ಹಿಡಿದು ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಪಾಲು. ಹೀಗೆ ನೆತ್ತಿಯ ಮೇಲಿರುವ ಊರಿಗೆ ದೊಡ್ಡ ನದಿ ಹತ್ತಿರದಲ್ಲಿರುವುದಿಲ್ಲ. ಆದ್ದರಿಂದ ನಮ್ಮ ಹಿರಿಯರು ಕಣಿವೆಯ ತಗ್ಗುಗಳಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಮಳೆನೀರನ್ನು ತಡೆದರು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರಗಂಟಿ ಎಂಬ ಮಾತುಗಳೆಲ್ಲ ಈ ವ್ಯವಸ್ಥೆಯಿಂದ ಹುಟ್ಟಿದವು.

ಲಾಲ್‌ಬಾಗಿನ ಕೆರೆಯೂ ಇಂಥ ಸರಪಣಿಯ ಒಂದು ಕೊಂಡಿ. ಅದು ಕೋರಮಂಗಲ–ಚಲ್ಲಘಟ್ಟ ಕಣಿವೆಯ ಮೇಲ್ಭಾಗದಲ್ಲಿದೆ. ಆ ಕಣಿವೆಯಲ್ಲಿ ಹರಿಯುವ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಬೆಳ್ಳಂದೂರಿನ ನೊರೆಯ ಚಿತ್ರಗಳನ್ನೂ 2018ರ ಜನವರಿಯಲ್ಲಿ ಅದೇ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡದ್ದನ್ನೂ ನೀವು ದೂರದರ್ಶನದಲ್ಲಿ ನೋಡಿರಬಹುದು. ಲಾಲ್‌ಬಾಗಿನ ಕೆರೆಯೂ ಬೆಳ್ಳಂದೂರಿನ ಕೆರೆಯೂ ಒಂದೇ ಕಣಿವೆಯ ಮಕ್ಕಳು. ಒಂದರಲ್ಲಿ ನಾವು ವಾಯುಸೇವನೆ ಮಾಡುತ್ತೇವೆ, ಇನ್ನೊಂದರ ಬಳಿ ಮೂಗು ಮುಚ್ಚಿಕೊಳ್ಳುತ್ತೇವೆ. ವ್ಯತ್ಯಾಸ ಬಂದದ್ದು ನೀರಿನಿಂದಲ್ಲ, ಸುತ್ತಲಿನ ನೆಲವನ್ನು ನಾವು ಬಳಸಿದ ರೀತಿಯಿಂದ.

ತೋಟ ಬೆಳೆದ ಬಗೆ

ಬಂಡೆಯ ಮೇಲಿನ ಗೋಪುರ ಕೆಂಪೇಗೌಡರ ವಂಶದ ಕಾಲದ್ದು. ಊರಿನ ಎಲ್ಲೆಯನ್ನು ಸೂಚಿಸಲು ಕಟ್ಟಿದ ನಾಲ್ಕು ಗೋಪುರಗಳಲ್ಲಿ ಇದೊಂದು ಎಂಬುದು ಪ್ರತೀತಿ. ಮಿಕ್ಕವು ಹಲಸೂರು, ಮೇಖ್ರಿ ವೃತ್ತ ಮತ್ತು ಕೆಂಪಾಂಬುಧಿ ಕೆರೆಯ ಬಳಿ ಇವೆ. ತೋಟಕ್ಕೆ ಅಡಿಪಾಯ ಬಿದ್ದದ್ದು 1760ರಲ್ಲಿ, ಹೈದರ್ ಅಲಿಯ ಕಾಲದಲ್ಲಿ. ಟಿಪ್ಪು ಸುಲ್ತಾನ್ ಹೊರನಾಡುಗಳಿಂದ ಗಿಡ, ಬೀಜಗಳನ್ನು ತರಿಸಿ ಅದನ್ನು ವಿಸ್ತರಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ತೋಟ ಬ್ರಿಟಿಷರ ಕೈಗೆ ಹೋಯಿತು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರೂನ್ ಅವರ ಅವಧಿಯಲ್ಲಿ, 1889ರ ನವೆಂಬರ್ 30ರಂದು, ಗಾಜಿನ ಮನೆಗೆ ಶಂಕುಸ್ಥಾಪನೆ ನಡೆಯಿತು. ನಾವು ಸಾಂಬಾರಿಗೆ ಹಾಕುವ ಸೀಮೆಬದನೆ ಈ ಸೀಮೆಗೆ ಪರಿಚಯವಾದದ್ದೂ ಅವರ ಕಾಲದಲ್ಲೇ. 1908ರಿಂದ ಜರ್ಮನಿಯ ಜಿ. ಎಚ್. ಕ್ರುಂಬಿಗಲ್, ಅವರ ನಂತರ ಎಚ್. ಸಿ. ಜವರಾಯ, ಸ್ವಾತಂತ್ರ್ಯಾನಂತರ ಡಾ. ಎಂ. ಎಚ್. ಮರಿಗೌಡ ಅವರು ಈ ತೋಟವನ್ನು ಬೆಳೆಸಿದರು. ಇಂದು ಅದರ ವಿಸ್ತೀರ್ಣ ಸುಮಾರು 240 ಎಕರೆ.

ಈ ಚರಿತ್ರೆಯಲ್ಲಿ ನಮ್ಮ ವಿಷಯಕ್ಕೆ ಬೇಕಾದ ಸಂಗತಿ ಒಂದಿದೆ. ದೊರೆಗಳು ಬದಲಾದರು, ಅಧಿಕಾರಿಗಳು ಬದಲಾದರು. ಆದರೆ ತೋಟ ತೋಟವಾಗಿಯೇ ಉಳಿಯಿತು. ತೋಟಕ್ಕೆ ನೀರು ಬೇಕೇ ಬೇಕು. ಆದ್ದರಿಂದ ಕೆರೆಗೆ ಕೆಲಸವಿತ್ತು. ಕೆಲಸವಿರುವ ಕೆರೆಯನ್ನು ಯಾರೂ ಮುಚ್ಚುವುದಿಲ್ಲ.

ಕೆಲಸ ಕಳೆದುಕೊಂಡ ಕೆರೆಗಳು

ಇದರ ವಿರುದ್ಧ ಉದಾಹರಣೆ ಬೇಕೆಂದರೆ ಬಹಳ ದೂರ ಹೋಗಬೇಕಿಲ್ಲ. 1890ರ ದಶಕದಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳಾಯಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತರಬೇಕು. ಅದು ದೊಡ್ಡ ಸಾಧನೆಯೇ ಸರಿ. ಆದರೆ ಕೊಳಾಯಿ ತಿರುಗಿಸಿದರೆ ನೀರು ಬರುವಂತಾದ ಮೇಲೆ ಊರಿನೊಳಗಿನ ಕೆರೆಯ ಕಡೆ ಯಾರು ನೋಡುತ್ತಾರೆ? ಹೂಳು ತುಂಬಿತು, ನೀರು ಕೆಟ್ಟಿತು, ಸೊಳ್ಳೆ ಹೆಚ್ಚಿತು. ಕೊನೆಗೆ ಅದನ್ನು ಮುಚ್ಚುವುದೇ ಆರೋಗ್ಯಕ್ಕೆ ಒಳ್ಳೆಯದು ಎಂಬ ತೀರ್ಮಾನ.

ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಅದರ ಒಂದು ಸಣ್ಣ ತುಣುಕು ಮಾತ್ರ ಕರಗದ ವಿಧಿಗಳಿಗಾಗಿ ಉಳಿದುಕೊಂಡಿದೆ. ನೋಡಿ, ಅಲ್ಲಿಯೂ ಅದೇ ನಿಯಮ. ಕರಗಕ್ಕೆ ನೀರು ಬೇಕಿತ್ತು, ಅಷ್ಟು ನೀರು ಉಳಿಯಿತು. ಕೋರಮಂಗಲದ ಕೆರೆಯ ಅಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕ್ರೀಡಾಗ್ರಾಮ ಎದ್ದಿತು. ಜೋರು ಮಳೆ ಬಂದಾಗ ಇಂಥ ಜಾಗಗಳಲ್ಲಿ ನೀರು ನುಗ್ಗಿತೆಂದು ನಾವು ದೂರುತ್ತೇವೆ. ಅಲ್ಲಿ ನುಗ್ಗಿದವರು ಯಾರು ಎಂಬುದು ಯೋಚಿಸಬೇಕಾದ ಮಾತು.

ಕೆರೆಯ ಆಯವ್ಯಯ

ಈಗ ಸ್ವಲ್ಪ ಲೆಕ್ಕ ಮಾಡೋಣ. ಪೆನ್ಸಿಲು ಹಿಡಿದು ಓದಿದರೆ ಇನ್ನೂ ಚೆನ್ನ. ಒಂದು ಎಕರೆ ಜಾಗದ ಮೇಲೆ 1 ಸೆಂಟಿಮೀಟರ್ ಮಳೆ ಬಿದ್ದರೆ ಬರುವ ನೀರು ಸುಮಾರು 40,000 ಲೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 97 ಸೆಂಟಿಮೀಟರಿನಷ್ಟು ಮಳೆಯಾಗುತ್ತದೆ. ಇದು ಕೆರೆಯ ನೇರ ಆದಾಯ.

ಇನ್ನು ಖರ್ಚು. ಬಿಸಿಲಿಗೂ ಗಾಳಿಗೂ ತೆರೆದ ನೀರು ಆವಿಯಾಗುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರಿನಷ್ಟು ನೀರು ಹೀಗೆ ಹೋಗಬಹುದು. ಎಂದರೆ ಎಕರೆಗೆ ದಿನಕ್ಕೆ 20,000 ಲೀಟರ್. ಇಡೀ ವರ್ಷಕ್ಕೆ ಈ ಬಾಬ್ತು ಸುಮಾರು 150 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಆದಾಯ 97, ಖರ್ಚು 150. ಕೊರತೆ 53 ಸೆಂಟಿಮೀಟರ್, ಅಂದರೆ ಎಕರೆಗೆ 21 ಲಕ್ಷ ಲೀಟರ್. ತಳದಲ್ಲಿ ಇಂಗುವ ನೀರನ್ನು ಇದಕ್ಕೆ ಸೇರಿಸಿಯೇ ಇಲ್ಲ.

ಇದರಿಂದ ಏನು ತಿಳಿಯಿತು? ತನ್ನ ಮೇಲೆ ಬಿದ್ದ ಮಳೆಯನ್ನಷ್ಟೇ ನಂಬಿ ಬೆಂಗಳೂರಿನ ಯಾವ ಕೆರೆಯೂ ಬದುಕಲಾರದು. ಅದಕ್ಕೆ ಸುತ್ತಲಿನ ನೆಲದಿಂದ ಹರಿದುಬರುವ ನೀರು ಬೇಕು. ಆ ನೆಲಕ್ಕೆ ಜಲಾನಯನ ಪ್ರದೇಶ ಎನ್ನುತ್ತೇವೆ. ಹುಲ್ಲು, ಮರ, ಮಣ್ಣು ಇರುವ ನೆಲದಿಂದ ಮಳೆಯ ಹತ್ತರಲ್ಲಿ ಒಂದು ಪಾಲು ಕೆರೆಗೆ ಬಂತೆಂದು ಭಾವಿಸಿದರೆ, ಒಂದು ಎಕರೆ ಕೆರೆಯ ಕೊರತೆ ನೀಗಿಸಲು ಕನಿಷ್ಠ ಐದೂವರೆ ಎಕರೆ ನೆಲ ಬೇಕು. ಎಂದರೆ ನಾವು ಕಣ್ಣಾರೆ ಕಾಣುವ ನೀರು ಕೆರೆಯ ಒಂದು ಭಾಗ ಮಾತ್ರ. ಕೆರೆಯ ಹೆಚ್ಚಿನ ಭಾಗ ಒಣನೆಲದಲ್ಲೇ ಇದೆ. ಏರಿಯನ್ನು ಮುಟ್ಟದೆ, ಅಂಗಳವನ್ನು ಒತ್ತುವರಿ ಮಾಡದೆ, ಜಲಾನಯನವನ್ನು ಮಾತ್ರ ಕಬಳಿಸಿ ಒಂದು ಕೆರೆಯನ್ನು ಕೊಲ್ಲಬಹುದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಾಂಕ್ರೀಟು, ಡಾಂಬರಿನ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಬಹುಪಾಲು ಹರಿದೇ ಹೋಗುತ್ತದೆ. ಹಾಗಾದರೆ ಊರು ಬೆಳೆದಷ್ಟೂ ಕೆರೆಗೆ ಹೆಚ್ಚು ನೀರು ಬರಬೇಕಲ್ಲವೇ? ಬರುತ್ತದೆ ನಿಜ. ಆದರೆ ಅದು ಒಂದೇ ಗಂಟೆಯಲ್ಲಿ ಮಹಾಪೂರವಾಗಿ ಬರುತ್ತದೆ. ಬರುವಾಗ ರಸ್ತೆಯ ಎಣ್ಣೆ, ಪ್ಲಾಸ್ಟಿಕ್ಕು, ಚರಂಡಿಯ ಕೊಳಕನ್ನೆಲ್ಲ ಹೊತ್ತು ತರುತ್ತದೆ. ಈ ಕೊಳಕಿಗೆ ಹೆದರಿ ಕಾಲುವೆಯನ್ನೇ ಬೇರೆ ಕಡೆ ತಿರುಗಿಸಿದರೆ ಕೆರೆಗೆ ಏನೂ ಬರುವುದಿಲ್ಲ. ಮಣ್ಣಿನ ನೆಲದ ಗುಣ ಬೇರೆ. ಅದು ಮಳೆಯನ್ನು ಕುಡಿದು, ಸೋಸಿ, ವಾರಗಟ್ಟಲೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಲಾಲ್‌ಬಾಗಿನ ಮರಗಳ ಕೆಳಗಿನ ತರಗೆಲೆಯ ಹಾಸು ಮಾಡುವುದು ಇದೇ ಕೆಲಸವನ್ನು. ಇಡೀ 240 ಎಕರೆಯ ಮೇಲೆ 1 ಸೆಂಟಿಮೀಟರ್ ಮಳೆ ಬಿದ್ದರೆ ಅದು 97 ಲಕ್ಷ ಲೀಟರ್. ಅಷ್ಟೂ ನೀರು ಒಮ್ಮೆಗೇ ರಸ್ತೆಗೆ ಹರಿದರೆ ಏನಾದೀತು ಎಂಬುದನ್ನು ಊಹಿಸಿಕೊಳ್ಳಿ.

ನೀರಿನೊಳಗೆ ಹಗಲು, ರಾತ್ರಿ

ನೀರಿನ ಪ್ರಮಾಣದ ಮಾತಾಯಿತು. ಇನ್ನು ಗುಣದ ಮಾತು. ಮೀನಿಗೂ ಉಸಿರಾಡಲು ಆಮ್ಲಜನಕ ಬೇಕು. ಆದರೆ ನೀರಿನಲ್ಲಿ ಅದು ಕರಗುವ ಪ್ರಮಾಣ ಅತ್ಯಲ್ಪ. ಒಂದು ಲೀಟರ್ ಗಾಳಿಯಲ್ಲಿ 200 ಮಿಲಿಗ್ರಾಮಿಗೂ ಹೆಚ್ಚು ಆಮ್ಲಜನಕವಿದ್ದರೆ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವುದು 7ರಿಂದ 8 ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಇದು ಇನ್ನೂ ಕಡಿಮೆ.

ಹಗಲಿನಲ್ಲಿ ಕೆರೆಯ ಸೂಕ್ಷ್ಮ ಪಾಚಿಗಳು ಸೂರ್ಯನ ಬೆಳಕಿನಲ್ಲಿ ಆಹಾರ ತಯಾರಿಸಿಕೊಂಡು ಆಮ್ಲಜನಕವನ್ನು ಬಿಡುತ್ತವೆ. ರಾತ್ರಿ ಅವೂ ಮೀನಿನಂತೆ ಆಮ್ಲಜನಕವನ್ನು ಬಳಸುತ್ತವೆ. ಹೀಗಾಗಿ ಸಂಜೆಯ ಹೊತ್ತಿಗೆ ಕೆರೆಯ ಉಗ್ರಾಣ ತುಂಬಿರುತ್ತದೆ. ಬೆಳಗಿನ ಜಾವಕ್ಕೆ ಬರಿದಾಗಿರುತ್ತದೆ. ಪಾಚಿ ಮಿತವಾಗಿದ್ದರೆ ಈ ಏರಿಳಿತದಿಂದ ಅಪಾಯವಿಲ್ಲ. ಆದರೆ ಕೆರೆಗೆ ಚರಂಡಿಯ ನೀರು ಸೇರಿದರೆ ಅದರಲ್ಲಿರುವ ಸಾರಜನಕ ಮತ್ತು ರಂಜಕ ಪಾಚಿಗೆ ಗೊಬ್ಬರವಾಗುತ್ತವೆ. ನೀರು ಹಸಿರು ಬಣ್ಣಕ್ಕೆ ತಿರುಗುತ್ತದೆ, ಅಂತರಗಂಗೆ ಹರಡುತ್ತದೆ. ಸತ್ತ ಪಾಚಿ ತಳಕ್ಕೆ ಇಳಿಯುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಗಳು ಉಳಿದ ಆಮ್ಲಜನಕವನ್ನೂ ಕಬಳಿಸುತ್ತವೆ. ಮೀನುಗಳು ಮುಂಜಾನೆಯ ವೇಳೆ ಮೇಲೆ ಬಂದು ಬಾಯಿ ತೆರೆದು ಒದ್ದಾಡುವುದನ್ನು ಕಂಡರೆ ಕೆರೆಗೆ ಕಾಯಿಲೆ ಶುರುವಾಗಿದೆ ಎಂದರ್ಥ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ನಿಮಗೆ ನೆನಪಿರಬಹುದು. ಆ ಮೀನುಗಳಿಗೆ ಯಾರೂ ವಿಷ ಹಾಕಬೇಕಾಗಿಲ್ಲ, ಉಸಿರು ಸಿಗದಿದ್ದರೆ ಸಾಕು.

ನಾವು ಪ್ರೀತಿಯಿಂದ ಎಸೆಯುವ ಬ್ರೆಡ್ಡು, ಕಡಲೆಪುರಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮೀನು ತಿನ್ನದೆ ಉಳಿದದ್ದು ತಳ ಸೇರಿ ಕೊಳೆಯುತ್ತದೆ. ತಿಂದದ್ದೂ ಕಡೆಗೆ ಗೊಬ್ಬರವೇ. ಒಬ್ಬರು ಎಸೆದ ಒಂದು ಹಿಡಿ ಪುರಿಯಿಂದ ಏನೂ ಆಗದು. ರಜಾದಿನ ಬರುವ ಜನ ಎಷ್ಟು ಎಂಬುದನ್ನು ನೋಡಿ ಲೆಕ್ಕ ಹಾಕಬೇಕು.

ಕೆರೆಯ ಅಂಚಿನ ಬಗ್ಗೆಯೂ ಒಂದು ಮಾತು. ಸುತ್ತಲೂ ಕಲ್ಲುಗೋಡೆ ಕಟ್ಟಿದ ಕೆರೆ ನೋಡಲು ಅಚ್ಚುಕಟ್ಟು. ಆದರೆ ಆಳವಿಲ್ಲದ ಕೆಸರಿನ ಅಂಚಿನಲ್ಲಿ ಬೆಳೆಯುವ ಜೊಂಡು ನೀರಿನ ಹೆಚ್ಚುವರಿ ಗೊಬ್ಬರವನ್ನು ಹೀರಿಕೊಳ್ಳುತ್ತದೆ. ಬೆಳ್ಳಕ್ಕಿ, ಕೊಕ್ಕರೆಗಳಿಗೆ ಕಾಲೂರಿ ನಿಲ್ಲಲು ಅಂಥ ಅಂಚೇ ಬೇಕು. ನೀರುಕಾಗೆ, ಹೆಜ್ಜಾರ್ಲೆಗಳಿಗೆ ಆಳದ ನೀರು ಸಾಕು. ಹಕ್ಕಿಗಳ ವೈವಿಧ್ಯ ಬೇಕೆಂದರೆ ಎರಡೂ ಇರಬೇಕು.

ನೆಲದ ಮೇಲೆ, ನೆಲದ ಕೆಳಗೆ

ಲಾಲ್‌ಬಾಗಿಗೆ ಕಾನೂನಿನ ರಕ್ಷಣೆಯಿದೆ. 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆ ಅದಕ್ಕೂ ಕಬ್ಬನ್ ಉದ್ಯಾನಕ್ಕೂ ಅನ್ವಯವಾಗುತ್ತದೆ. ಆದರೂ ಬೆಳೆಯುವ ಊರಿನ ಅಗತ್ಯಗಳು ಬಾಗಿಲು ತಟ್ಟುತ್ತಲೇ ಇರುತ್ತವೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸುರಂಗ ರಸ್ತೆ ತೋಡುವ ಯೋಜನೆಯಲ್ಲಿ ಲಾಲ್‌ಬಾಗಿನ ಜಾಗವನ್ನೂ ಬಳಸುವ ಪ್ರಸ್ತಾಪವಿದೆಯೆಂಬ ಸುದ್ದಿ ಬಂದಾಗ, 2025ರಲ್ಲಿ, ನಾಗರಿಕರು ಪ್ರತಿಭಟಿಸಿದರು. ಸಂಚಾರ ದಟ್ಟಣೆಯಲ್ಲಿ ಗಂಟೆಗಟ್ಟಲೆ ಸಿಕ್ಕಿಬಿದ್ದವರ ಕಷ್ಟವೂ ನಿಜ, ತೋಟದ ಬಗ್ಗೆ ಆತಂಕಪಟ್ಟವರ ಮಾತೂ ನಿಜ.

ಇಲ್ಲಿ ವಿಜ್ಞಾನ ಹೇಳಬಹುದಾದದ್ದು ಇಷ್ಟು. ನಮ್ಮ ಬಂಡೆಯಲ್ಲಿ ನೀರು ಬಿರುಕುಗಳ ಜಾಲದಲ್ಲಿ ಚಲಿಸುತ್ತದೆ. ಅಂಥ ಬಿರುಕನ್ನು ಕತ್ತರಿಸಿದ ಯಾವುದೇ ತೋಡು, ಅದಕ್ಕೆ ಸರಿಯಾದ ಕಾಂಕ್ರೀಟಿನ ಒಳಪದರ ಇಲ್ಲದಿದ್ದರೆ, ಸುತ್ತಲಿನ ಅಂತರ್ಜಲವನ್ನು ತನ್ನೊಳಗೆ ಬಸಿದುಕೊಳ್ಳಬಲ್ಲದು. ಅಂತರ್ಜಲ ಕುಸಿದರೆ ಅದರ ಪರಿಣಾಮ ಬಾವಿಗಳಿಗೂ ಆಳಕ್ಕೆ ಬೇರುಬಿಟ್ಟ ಮರಗಳಿಗೂ ಆಗಬಹುದು. ಎಷ್ಟು ಆಗುತ್ತದೆ ಎಂಬುದನ್ನು ಆಯಾ ಜಾಗದಲ್ಲಿ ಅಳೆದೇ ಹೇಳಬೇಕು. ಆದ್ದರಿಂದ ಯಾವ ಯೋಜನೆಯೇ ಇರಲಿ, ಅಳತೆ ಮೊದಲು, ಅಗೆತ ಆಮೇಲೆ ಎಂಬ ಕ್ರಮ ಇರಬೇಕಾದದ್ದು ನ್ಯಾಯ. 2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಕಾದು ನಿಂತದ್ದನ್ನು ನಾವು ಇನ್ನೂ ಮರೆತಿಲ್ಲ. ನೆಲದ ಕೆಳಗೆ ನಡೆಯುವುದು ಕಣ್ಣಿಗೆ ಕಾಣುವುದಿಲ್ಲ; ಅದು ಕಾಣುವುದು ಕೊಳಾಯಿಯಲ್ಲಿ.

ನೀವೇ ಮಾಡಿ ನೋಡಿ

ಮನೆಯಲ್ಲಿ ಮಕ್ಕಳಿದ್ದರೆ ಒಂದು ಸುಲಭದ ಪ್ರಯೋಗ ಮಾಡಿಸಿ. ನೇರ ಅಂಚಿನ ಅಗಲವಾದ ಒಂದು ತಟ್ಟೆ ಅಥವಾ ಬೋಗುಣಿಗೆ ನೀರು ತುಂಬಿ ತಾರಸಿಯ ಮೇಲೆ ಬಿಸಿಲಿನಲ್ಲಿಡಿ. ಹಕ್ಕಿ ಕುಡಿಯದಂತೆ ಮೇಲೆ ಬಲೆ ಹಾಕಿ. ಒಂದು ಅಳತೆಪಟ್ಟಿಯಿಂದ ನೀರಿನ ಆಳವನ್ನು ಬೆಳಗ್ಗೆ ಎಂಟಕ್ಕೆ ಗುರುತು ಹಾಕಿಕೊಳ್ಳಿ. ಮರುದಿನ ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ಎಷ್ಟು ಮಿಲಿಮೀಟರ್ ಇಳಿದಿದೆಯೋ ಅದನ್ನು 4,000ದಿಂದ ಗುಣಿಸಿದರೆ ಎಕರೆಗೆ ಎಷ್ಟು ಲೀಟರ್ ಎಂಬುದು ಸಿಗುತ್ತದೆ. ಸಣ್ಣ ಪಾತ್ರೆ ಬೇಗ ಕಾಯುವುದರಿಂದ ಕೆರೆಗಿಂತ ಸ್ವಲ್ಪ ಹೆಚ್ಚೇ ಆವಿಯಾಗುತ್ತದೆ. ಉತ್ತರದಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು ಕಳೆದರೆ ಕೆರೆಯ ಲೆಕ್ಕಕ್ಕೆ ಹತ್ತಿರವಾಗುತ್ತದೆ. ಒಂದು ವಾರ ಹೀಗೆ ಬರೆದಿಟ್ಟ ಮಗುವಿಗೆ ನೀರಿನ ಬೆಲೆಯ ಬಗ್ಗೆ ಬೇರೆ ಭಾಷಣ ಬೇಕಾಗುವುದಿಲ್ಲ.

ಮುಂದಿನ ಸಲ ಲಾಲ್‌ಬಾಗಿಗೆ ಹೋದಾಗ ಮೊದಲು ಬಂಡೆ ಹತ್ತಿ. ಮಳೆ ನಿಂತ ಮರುದಿನವಾದರೆ ಕಲ್ಲಿನ ತಗ್ಗುಗಳಲ್ಲಿ ನಿಂತ ನೀರನ್ನು ನೋಡಿ. ಅದು ಎಲ್ಲಿಗೂ ಇಂಗದೆ ಹಾಗೇ ಇರುತ್ತದೆ. ಅಲ್ಲಿಂದ ಇಳಿದು ಮರಗಳ ಕೆಳಗೆ ನಡೆಯಿರಿ. ಕಾಲಡಿಯ ಮಣ್ಣು ಇನ್ನೂ ತೇವವಾಗಿರುತ್ತದೆ. ಆಮೇಲೆ ಕೆರೆಯ ಬಳಿಗೆ ಬನ್ನಿ. ಬಂಡೆ ಕುಡಿಯದ ನೀರನ್ನು ಮಣ್ಣು ಕುಡಿದು, ಮಣ್ಣು ಕುಡಿದು ಮಿಕ್ಕದ್ದನ್ನು ತಗ್ಗು ಹಿಡಿದಿಟ್ಟುಕೊಂಡಿರುತ್ತದೆ. ಕೆರೆ ಉಳಿಯಬೇಕೆಂದು ನಾವು ಹೇಳುವಾಗ ಈ ಇಡೀ ದಾರಿ ಉಳಿಯಬೇಕು ಎಂದೇ ಅರ್ಥ. ಹಾಗೆಯೇ ಕಡಲೆಕಾಯಿ ಸಿಪ್ಪೆಯ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬನ್ನಿ.